ಪದಚರ್ಚೆ: ಮಯೋಗ್ಲೋಬಿನ್ ಆಮ್ಲಜನಕವನ್ನು ‘ಬಂಧಿಸುತ್ತದೆ’ಯೇ?

ಪದಪ್ರಿಯರಿಗೆ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ನಾಮಪದಗಳನ್ನು ಹೇಗೋ ದಾಟಿಸಿದ್ದೇನೆ. ಕ್ರಿಯಾಪದದ ಹತ್ತಿರ ಬಂದು ಗಾಡಿ ಹೂತುಕೊಂಡು ಮೂರು ದಿನವಾಯಿತು.

ಹೈಸ್ಕೂಲು ಮಕ್ಕಳಿಗೆಂದು ಜೀವವಿಜ್ಞಾನದ ಪುಟ್ಟ ಪದಕೋಶವೊಂದನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ‘ಮ’ ಅಕ್ಷರಕ್ಕೆ ಬಂದಾಗ ಮಯೋಗ್ಲೋಬಿನ್ ಸಿಕ್ಕಿತು. ಮೂಲದಲ್ಲಿದ್ದದ್ದು ಒಂದೇ ಸಾಲಿನ ವಿವರಣೆ. ಪದಕ್ಕೆ ಪದ ಇಟ್ಟು ನಾನು ಬರೆದದ್ದು ಹೀಗೆ: “ಸಸ್ತನಿಗಳ ಸ್ನಾಯು ಅಂಗಾಂಶಗಳಲ್ಲಿ ಕಂಡುಬರುವ, ಆಮ್ಲಜನಕವನ್ನು ಬಂಧಿಸುವ ಸಸಾರಜನಕ.” ಪಠ್ಯಪುಸ್ತಕದ ಲೆಕ್ಕದಲ್ಲಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ಓದಿದೆ. ಹೂ ಕಟ್ಟುತ್ತಾ ಕೂತಿದ್ದ ನಮ್ಮತ್ತೆ ತಲೆಯೆತ್ತಿ, “ಪಾಪ, ಏನು ತಪ್ಪು ಮಾಡಿತ್ತಂತೆ ಅದು?” ಎಂದರು.

ಅಲ್ಲಿಗೆ ಆ ಸಾಲು ನನ್ನ ಪಾಲಿಗೆ ಸತ್ತಿತು.

ಪೇಪರ್ ಓದುವ ಯಾರಿಗೇ ಆದರೂ ‘ಬಂಧಿಸಿದರು’ ಎಂದರೆ ಮೊದಲು ಕಾಣುವುದು ಪೊಲೀಸ್ ಜೀಪು. ರಸಾಯನಶಾಸ್ತ್ರದ ತರಗತಿಯಲ್ಲಿ ‘ಬಂಧ’ ಎಂಬ ನಾಮಪದ ಚೆನ್ನಾಗಿಯೇ ಪಳಗಿದೆ: ರಾಸಾಯನಿಕ ಬಂಧ, ಅಯಾನಿಕ ಬಂಧ, ಸಹವೇಲೆನ್ಸೀಯ ಬಂಧ. ಯಾರೂ ನಗುವುದಿಲ್ಲ. ಆದರೆ ನಾಮಪದ ಪಳಗಿತೆಂದು ಅದರ ಜೊತೆಯ ಕ್ರಿಯಾಪದವೂ ಪಳಗಬೇಕೆಂದೇನಿಲ್ಲ. ‘ಬಂಧ’ದ ನೆರೆಯಲ್ಲಿ ಬಂಧುವಿದ್ದಾನೆ, ಸಂಬಂಧವಿದೆ, ಪದ್ಯದ ಬಂಧವಿದೆ. ‘ಬಂಧಿಸು’ವಿನ ನೆರೆಯಲ್ಲಿ ಇರುವುದು ಕೈಕೋಳ ಒಂದೇ. ಕೈಕೋಳ ಹಾಕಿದವನನ್ನು ಬಿಡಿಸಲು ಜಾಮೀನು ಬೇಕು, ವಕೀಲ ಬೇಕು. ಮಯೋಗ್ಲೋಬಿನ್ ಮಾಡುವ ಕೆಲಸದಲ್ಲಿ ಬಿಡುಗಡೆ ಹಿಡಿದಷ್ಟೇ ಸಲೀಸು. ನನ್ನ ತಕರಾರು ಬರೀ ನಗೆಪಾಟಲಿನದಲ್ಲ, ಅರ್ಥದ್ದೂ ಹೌದು.

ಆ ಕೆಲಸ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಹುಡುಕುವವರಿಗೆ ವಸ್ತು ಕಣ್ಣಮುಂದಿರಬೇಕು. ಮಯೋಗ್ಲೋಬಿನ್ ಒಂಟಿ ಎಳೆಯ ಪ್ರೋಟೀನು. ನಮ್ಮದರಲ್ಲೂ ತಿಮಿಂಗಿಲದ್ದರಲ್ಲೂ 153 ಅಮೈನೋ ಆಮ್ಲಗಳ ಸರ. ಅದು ಎಂಟು ಸುರುಳಿಗಳಾಗಿ ಮಡಚಿಕೊಂಡು ನಡುವೆ ಒಂದು ಗೂಡು ಮಾಡಿಕೊಂಡಿರುತ್ತದೆ. ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡಲು ಬಿಟ್ಟ ಗೂಡಿನ ಹಾಗೆ. ಗೂಡಿನೊಳಗೆ ಹೀಮ್ ಎಂಬ ಚಪ್ಪಟೆ ಬಿಲ್ಲೆ, ಬಿಲ್ಲೆಯ ನಟ್ಟನಡುವೆ ಒಂದೇ ಒಂದು ಕಬ್ಬಿಣದ ಪರಮಾಣು. ಆಮ್ಲಜನಕದ ಅಣು ಬಂದು ಕೂರುವುದು ಆ ಕಬ್ಬಿಣದ ಮೇಲೆ. ಸುತ್ತ ಆಮ್ಲಜನಕ ಧಾರಾಳವಾಗಿದ್ದಾಗ ಕೂತಿರುತ್ತದೆ, ಸುತ್ತ ಬರಿದಾದಾಗ ಎದ್ದು ಹೋಗುತ್ತದೆ. ಕಬ್ಬಿಣ ಇದ್ದ ಹಾಗೇ ಉಳಿಯುತ್ತದೆ, ಮುಂದಿನವನಿಗೆ ಜಾಗ ತಯಾರು.

ರಕ್ತದ ಹಿಮೋಗ್ಲೋಬಿನ್ ಮಾಡುವುದೂ ಇದನ್ನೇ, ಆದರೆ ಅದು ನಾಲ್ಕು ಎಳೆಗಳ ಕೂಡುಕುಟುಂಬ. ಒಬ್ಬ ಹಿಡಿದರೆ ಉಳಿದವರಿಗೂ ಹಿಡಿಯುವ ಹುಮ್ಮಸ್ಸು, ಒಬ್ಬ ಬಿಟ್ಟರೆ ಉಳಿದವರೂ ಬಿಡುತ್ತಾರೆ. ಸುತ್ತಲಿನ ಆಮ್ಲಜನಕದ ಒತ್ತಡ ಪಾದರಸದ 26-27 ಮಿಲಿಮೀಟರಿಗೆ ಇಳಿದಾಗಲೇ ಹಿಮೋಗ್ಲೋಬಿನ್ ತನ್ನ ಹೊರೆಯಲ್ಲಿ ಅರ್ಧ ಇಳಿಸಿಬಿಟ್ಟಿರುತ್ತದೆ. ಮಯೋಗ್ಲೋಬಿನ್ ಅರ್ಧ ಬಿಡಬೇಕಾದರೆ ಒತ್ತಡ 2-3 ಮಿಲಿಮೀಟರಿಗೆ ಬೀಳಬೇಕು. ಹಿಮೋಗ್ಲೋಬಿನ್ ಸಂತೆಗೆ ಹೋಗಿಬರುವ ಗಾಡಿ, ಮಯೋಗ್ಲೋಬಿನ್ ಮನೆಯ ಹಗೇವು, ಅಂದರೆ ಕಾಳು ಕೂಡಿಡುವ ನೆಲದಡಿಯ ಕಣಜ, ಎಂದು ನಾನು ಮಕ್ಕಳಿಗೆ ಹೇಳಬೇಕೆಂದಿದ್ದೆ. ಹಗೇವು ನೋಡಿದ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಸುಮ್ಮನಾದೆ. ಅದೂ ಅಲ್ಲದೆ ಮನುಷ್ಯನ ಮಟ್ಟಿಗೆ ಈ ಹಗೇವು ತೀರಾ ಚಿಕ್ಕದು, ಕೆಲವು ಸೆಕೆಂಡುಗಳ ಖರ್ಚಿಗೆ ಆಗುವಷ್ಟು. ಹೃದಯ ಹಿಂಡಿಕೊಂಡಾಗ ಅದರ ಒಳಗೋಡೆಗೆ ರಕ್ತ ಹೋಗುವುದು ಕ್ಷಣಕಾಲ ತಡೆಯುತ್ತದಲ್ಲ, ಆ ಕ್ಷಣ ದಾಟಿಸಲು ಸಾಕು. ತಿಮಿಂಗಿಲ, ಸೀಲ್‌ಗಳದ್ದು ಬೇರೆ ಕತೆ. ಅವುಗಳ ಮಾಂಸದಲ್ಲಿ ನಮ್ಮದಕ್ಕಿಂತ ಹತ್ತು ಪಟ್ಟಿನ ಆಸುಪಾಸು ಮಯೋಗ್ಲೋಬಿನ್ ಇರುತ್ತದೆ, ಮಾಂಸವೇ ಕಪ್ಪಿಗೆ ತಿರುಗಿರುತ್ತದೆ. ಒಂದು ಸಲ ಉಸಿರೆಳೆದು ಗಂಟೆಗಟ್ಟಲೆ ಮುಳುಗುವವರಿಗೆ ಹಗೇವು ದೊಡ್ಡದಿರಬೇಕು.

ಈಗ ಕ್ರಿಯಾಪದಕ್ಕೆ ಬರೋಣ. ನಮ್ಮತ್ತೆಯೇ ಮೊದಲ ಸಲಹೆ ಕೊಟ್ಟರು, ಕೈಯಲ್ಲಿ ದಾರವಿತ್ತಲ್ಲ: “ಕಟ್ಟುತ್ತದೆ ಅನ್ನು.” ‘ಬಂಧಿಸು’ವಿಗೆ ನೇರ ಕನ್ನಡ ಅದೇ. ಆದರೆ ಕಟ್ಟಿದ ಹೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಬಿಚ್ಚಿಕೊಂಡರೆ ಕಟ್ಟಿದವರಿಗೆ ಅವಮಾನ. ಇನ್ನು ‘ಕಟ್ಟಿಕೊಳ್ಳುತ್ತದೆ’ ಎಂದರೆ ಮದುವೆಯೇ ಆಗಿಹೋಯಿತು. ‘ಅಂಟಿಕೊಳ್ಳುತ್ತದೆ’ ಎಂದು ಬರೆದು ನೋಡಿದೆ. ಆಗ ಅಂಟುವುದು ಆಮ್ಲಜನಕ, ಅಂಟಿಸಿಕೊಳ್ಳುವುದು ಪ್ರೋಟೀನು, ಕರ್ತೃ ಅದಲು ಬದಲು. ಜೊತೆಗೆ ಅಂಟಿದ್ದಕ್ಕೆ ಜಿಗುಟು ಇರುತ್ತದೆ. ‘ಹೀರಿಕೊಳ್ಳುತ್ತದೆ’ ಸ್ಪಂಜಿನ ಮಾತು, ಇಲ್ಲಿ ಒಂದು ಗೂಡಿಗೆ ಒಂದೇ ಅಣು ಎಂಬ ಲೆಕ್ಕ ಅದರಲ್ಲಿ ಕೊಚ್ಚಿಹೋಗುತ್ತದೆ. ‘ಸೇರಿಸಿಕೊಳ್ಳುತ್ತದೆ’, ‘ಕೂಡಿಸಿಕೊಳ್ಳುತ್ತದೆ’ ಎರಡೂ ಸಪ್ಪೆ.

‘ಕಚ್ಚಿಕೊಳ್ಳುತ್ತದೆ’ ನನಗೆ ತುಂಬಾ ಹಿಡಿಸಿತು, ಆದರೆ ಅದನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇನೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದು ಜನ ಸಾಯುವ ಸುದ್ದಿ ಓದುತ್ತೇವಲ್ಲ, ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾಡುವುದು ಇದನ್ನು. ಅದೇ ಕಬ್ಬಿಣದ ಮೇಲೆ ಆಮ್ಲಜನಕಕ್ಕಿಂತ ಎಷ್ಟೋ ಬಿಗಿಯಾಗಿ ಕೂರುತ್ತದೆ, ಹಿಮೋಗ್ಲೋಬಿನ್ನಿನಲ್ಲಂತೂ 200 ಪಟ್ಟಿಗೂ ಹೆಚ್ಚು. ಏಳೆಂದರೆ ಏಳುವುದಿಲ್ಲ. ಅದಕ್ಕೆ ‘ಕಚ್ಚಿಕೊಳ್ಳು’ ಸರಿ. ಉಡ ಕಚ್ಚಿದ ಹಾಗೆ.

ಉಳಿದದ್ದು ‘ಹಿಡಿ’. ಬರೆದುಕೊಂಡು ಬಂದಷ್ಟೂ ನನಗೆ ಈ ಪುಟ್ಟ ಪದದ ಮೇಲೆ ಗೌರವ ಹೆಚ್ಚುತ್ತಿದೆ. ಹಿಡಿ ಎಂದರೇ ಬಿಡುವುದು ಅದರ ಬೆನ್ನಿಗಿದೆ. ‘ಹಿಡಿದು ಬಿಡುವುದು’ ಕನ್ನಡದಲ್ಲಿ ಒಂದೇ ಉಸಿರಿನ ಮಾತು. ‘ಹಿಡಿದಿಡು’ ಎಂದರೆ ಸಂಗ್ರಹದ ಅರ್ಥ ಬಂತು. ‘ಹಿಡಿತ’ ಎಂಬ ನಾಮಪದ ಪುಕ್ಕಟೆ ಸಿಗುತ್ತದೆ: “ಹಿಮೋಗ್ಲೋಬಿನ್ನಿಗಿಂತ ಮಯೋಗ್ಲೋಬಿನ್ನಿನ ಹಿಡಿತ ಬಿಗಿ” ಎಂದರೆ ಎಂಟನೇ ಕ್ಲಾಸಿನ ಹುಡುಗಿಗೂ ತಿಳಿಯುತ್ತದೆ, ಮೇಲೆ ಹೇಳಿದ ಒತ್ತಡದ ಅಂಕಿಗಳನ್ನೆಲ್ಲ ಆ ಒಂದು ವಾಕ್ಯ ಹೊರುತ್ತದೆ. ಮುಷ್ಟಿಯ ತುಂಬ ಹಿಡಿದದ್ದೂ ‘ಹಿಡಿ’ಯೇ, ಒಂದು ಹಿಡಿ ಅಕ್ಕಿ. ಗೂಡಿನ ಅಳತೆಗೂ ಅದು ಹೊಂದುತ್ತದೆ.

ತೊಂದರೆ ಇರುವುದು ವಿಶೇಷಣ ಮಾಡುವಾಗ. ‘ಆಮ್ಲಜನಕ ಬಂಧಕ’ ಎಂದು ಸಂಸ್ಕೃತದಲ್ಲಿ ಎರಡು ಪದ ಹೊಸೆದರೆ ಮುಗಿಯಿತು, ಶೀರ್ಷಿಕೆಯಲ್ಲೂ ಕೂರುತ್ತದೆ, ಪಟ್ಟಿಯಲ್ಲೂ ಕೂರುತ್ತದೆ. ‘ಆಮ್ಲಜನಕ ಹಿಡಿಕ’ ಎನ್ನಲೇ? ಹಿಡಿಕೆ ಎಂದರೆ ಬಾಣಲೆಯದ್ದು. ‘ಆಮ್ಲಜನಕ ಹಿಡುಕ’ ಎಂದರೆ ಹಾವು ಹಿಡಿಯುವವನ ನೆನಪು, ಜೊತೆಗೆ ‘ತಲೆಹಿಡುಕ’ ಎಂಬ ಬೈಗುಳದ ನೆರಳು ಬೇರೆ. ‘ಆಮ್ಲಜನಕ ಹಿಡಿಯುವ ಪ್ರೋಟೀನು’ ಎಂದು ಬಿಡಿಸಿ ಬರೆದರೆ ಉದ್ದವಾಯಿತು ಎನ್ನುವವರಿದ್ದಾರೆ. ನಾನು ಎಣಿಸಿದೆ, ಹೆಚ್ಚಾದದ್ದು ಒಂದೋ ಎರಡೋ ಅಕ್ಷರ. ಅಷ್ಟಕ್ಕೆ ಹೆದರಬೇಕೇ?

ಈ ಹಿಡಿಯುವಿಕೆಯನ್ನು ಬರಿಗಣ್ಣಿನಲ್ಲೇ ನೋಡಬಹುದು ಎಂಬುದು ನನಗೆ ಇತ್ತೀಚೆಗಷ್ಟೇ ಹೊಳೆದದ್ದು. ಕುರಿಮಾಂಸದ ದಪ್ಪ ತುಂಡೊಂದನ್ನು ಅಂಗಡಿಯವನು ಸೀಳಿದಾಗ ಒಳಮುಖ ಕಪ್ಪುಮಿಶ್ರಿತ ನೇರಳೆಗೆಂಪು ಇರುತ್ತದೆ. ಹತ್ತಿಪ್ಪತ್ತು ನಿಮಿಷ ಗಾಳಿಗೆ ಬಿಟ್ಟರೆ ಅದೇ ಮುಖ ಹೊಳಪಿನ ಕೆಂಪಿಗೆ ತಿರುಗುತ್ತದೆ. ಗಾಳಿಯ ಆಮ್ಲಜನಕವನ್ನು ಮಯೋಗ್ಲೋಬಿನ್ ಹಿಡಿಯಿತು, ಬಣ್ಣ ಬದಲಾಯಿತು, ಇಷ್ಟೇ. ಸಂಜೆಯತನಕ ಬಿಟ್ಟರೆ ಕಂದು ಬಣ್ಣ ಬರುತ್ತದೆ. ಈ ಎರಡನೇ ಬದಲಾವಣೆ ಬೇರೆ ಜಾತಿಯದು: ಇಲ್ಲಿ ಕಬ್ಬಿಣವೇ ಒಂದು ಎಲೆಕ್ಟ್ರಾನ್ ಕಳೆದುಕೊಂಡಿದೆ, ಇನ್ನು ಆಮ್ಲಜನಕವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಪಠ್ಯಪುಸ್ತಕದ ‘ಉತ್ಕರ್ಷಣ’ (ಆಕ್ಸಿಡೇಷನ್) ಎಂಬ ಪದ ಸಲ್ಲುವುದು ಈ ಕಂದುಬಣ್ಣಕ್ಕೆ ಮಾತ್ರ. ಆದರೆ ನಾನು ನೋಡಿದ ಎರಡು ಮೂರು ಅನುವಾದಗಳಲ್ಲಿ ಆಮ್ಲಜನಕ ಬಂದು ಕೂರುವುದಕ್ಕೂ ‘ಉತ್ಕರ್ಷಣ’, ಕಬ್ಬಿಣ ಕೆಡುವುದಕ್ಕೂ ‘ಉತ್ಕರ್ಷಣ’. ಉಸಿರಾಡುವುದಕ್ಕೂ ತುಕ್ಕು ಹಿಡಿಯುವುದಕ್ಕೂ ಒಂದೇ ಪದ ಕೊಟ್ಟ ಹಾಗೆ! ನೋಡಿ, ತುಕ್ಕೂ ‘ಹಿಡಿಯುತ್ತದೆ’ ಕನ್ನಡದಲ್ಲಿ. ನನ್ನ ಪ್ರೀತಿಯ ಕ್ರಿಯಾಪದ ನನಗೇ ತಿರುಗಿ ಬೀಳುವ ಜಾಗ ಇದು. ತುಕ್ಕು ಹಿಡಿಯಿತು, ಹುಚ್ಚು ಹಿಡಿಯಿತು, ದೆವ್ವ ಹಿಡಿಯಿತು: ಅಲ್ಲೆಲ್ಲ ಹಿಡಿದದ್ದು ಬಿಡುವುದು ಕಷ್ಟ. ಆದರೆ ಆ ವಾಕ್ಯಗಳಲ್ಲಿ ಹಿಡಿಯುವುದು ಹೊರಗಿನಿಂದ ಬಂದದ್ದು, ಹಿಡಿಸಿಕೊಂಡದ್ದು ನಾವು. ಮಯೋಗ್ಲೋಬಿನ್ನಿನಲ್ಲಿ ಹಿಡಿಯುವವನು ಮನೆಯವನೇ. ಈ ವ್ಯತ್ಯಾಸ ಸಾಕು ಎಂದು ನನ್ನ ವಾದ. ಸಾಲದು ಎನ್ನುವವರು ಹೇಳಿ.

ಆ ಮೊದಲನೇ ಬಣ್ಣಬದಲಾವಣೆಗೆ ಇಂಗ್ಲಿಷ್ ಮಾಂಸವ್ಯಾಪಾರದಲ್ಲಿ ‘ಬ್ಲೂಮ್’ ಎನ್ನುತ್ತಾರೆ, ಅರಳುವುದು. ಮಾಂಸ ಅರಳಿತು ಎಂದು ಕನ್ನಡದಲ್ಲಿ ಹೇಳಿದರೆ ಬೇಯುವಾಗ ಉಬ್ಬಿದ ಅರ್ಥ ಬಂದೀತು. ನಮ್ಮ ಅಂಗಡಿಗಳಲ್ಲಿ, ಹಳ್ಳಿಯಲ್ಲಿ ಮರಿ ಕೊಯ್ದು ಪಾಲು ಹಾಕುವವರಲ್ಲಿ, ಇದಕ್ಕೊಂದು ಮಾತು ಇರಲೇಬೇಕು ಎಂದು ನನ್ನ ಗುಮಾನಿ. ದಿನಾ ಕಣ್ಣಿಗೆ ಬೀಳುವ ಸಂಗತಿಗೆ ಪದವಿಲ್ಲದಿರುವುದು ಅಪರೂಪ.

ನಾಮಪದಗಳನ್ನು ದಾಟಿಸಿದ್ದೇನೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ‘ಸ್ನಾಯು’ ನೋಡಿ. ಕನ್ನಡದಲ್ಲೂ ಮರಾಠಿಯಲ್ಲೂ ಸ್ನಾಯು ಎಂದರೆ ಮಾಂಸಖಂಡ. ಬಂಗಾಳಿಯಲ್ಲಿ ಅದೇ ಪದ ನರಕ್ಕೆ ಸಲ್ಲುತ್ತದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಪೇಶಿಗಳು 500, ಸ್ನಾಯುಗಳು 900 ಎಂದು ಬೇರೆಬೇರೆ ಎಣಿಸುತ್ತದೆ. ಅಲ್ಲಿ ಮಾಂಸದ ಗಟ್ಟಿ ಪೇಶಿ, ಕಟ್ಟುವ ಹುರಿ ಸ್ನಾಯು. ಮಲಯಾಳಿಗಳು ‘ಪೇಶಿ’ ಉಳಿಸಿಕೊಂಡರು. ತೆಲುಗಿನವರು ‘ಕಂಡರಂ’ ಎಂದರು, ಅದರ ಬೇರು ನಮ್ಮ ‘ಕಂಡ’ದ್ದೇ. ನಾವು ಹುರಿಯ ಹೆಸರನ್ನು ಮಾಂಸಕ್ಕಿಟ್ಟೆವು. ಆಮೇಲೆ ಹುರಿಗೇ ಹೆಸರಿಲ್ಲದಂತಾಗಿ ‘ಸ್ನಾಯುರಜ್ಜು’ ಎಂದು ಹುರಿಗೆ ಹಗ್ಗ ಸೇರಿಸಿದೆವು. ಈಗ ಅದನ್ನು ತಿದ್ದುವ ಹುಮ್ಮಸ್ಸು ನನಗಿಲ್ಲ. ಒಂದು ನುಡಿ ಒಂದು ಪದವನ್ನು ಒಂದರ್ಥದಲ್ಲಿ ಪಳಗಿಸಿಕೊಂಡ ಮೇಲೆ ಸಂಸ್ಕೃತದ ಹಳೇ ಕಾಗದಪತ್ರ ತೋರಿಸಿ ಜಗಳ ಮಾಡಬಾರದು.

ಆದರೂ ಪದಕೋಶದಲ್ಲಿ ‘ಸ್ನಾಯು’ವಿನ ಪಕ್ಕ ‘ಮಾಂಸಖಂಡ’ ಎಂದು ಸೇರಿಸಿದ್ದೇನೆ. ಕಾರಣ ಇದೆ. ಮಯೋಗ್ಲೋಬಿನ್ ವಿಷಯದಲ್ಲಿ ಮಗುವಿಗೆ ಸ್ನಾಯುವೂ ತಾನು ತಿನ್ನುವ ಮಾಂಸವೂ ಒಂದೇ ಎಂದು ತಿಳಿಯಬೇಕು. ಕೋಳಿಯ ಎದೆ ಬಿಳಿ, ತೊಡೆ ಕೆಂಪು. ದೂರ ಹಾರುವ ಪಾರಿವಾಳದ ಎದೆಯೋ ಕಡುಗೆಂಪು. ಬಂಗುಡೆಯ ಪಕ್ಕೆಯುದ್ದಕ್ಕೂ ಕಪ್ಪುಗೆಂಪು ಪಟ್ಟಿ. ಎಡೆಬಿಡದೆ ದುಡಿಯುವ ಖಂಡದಲ್ಲಿ ಮಯೋಗ್ಲೋಬಿನ್ ಹೆಚ್ಚು, ಎಂದಾದರೊಮ್ಮೆ ದಡಬಡಿಸುವ ಖಂಡದಲ್ಲಿ ಕಡಿಮೆ. ಈ ಪಟ್ಟಿಯಲ್ಲಿ ಹಕ್ಕಿಯೂ ಮೀನೂ ಬಂದವಲ್ಲ? ಹಾಗಾಗಿ ಮೂಲದ ‘ಸಸ್ತನಿಗಳ’ ಎಂಬ ಮಾತೇ ಇಕ್ಕಟ್ಟಿನದು. ನಾನು ಅದನ್ನು ‘ಬೆನ್ನೆಲುಬಿರುವ ಪ್ರಾಣಿಗಳ’ ಎಂದು ಹಿಗ್ಗಿಸಿದ್ದೇನೆ. ಅನುವಾದಕರಿಗೆ ಆ ಅಧಿಕಾರ ಇದೆಯೇ ಎಂಬುದು ಬೇರೆ ಚರ್ಚೆ.

ಖಂಡ, ಮಾಂಸ, ರಕ್ತ ಮೂರನ್ನೂ ಪುಣ್ಯಕೋಟಿ ಹುಲಿಯ ಮುಂದೆ ಒಂದೊಂದಾಗಿ ಎಣಿಸಿ ಕೊಡುತ್ತಾಳೆ, ನೆನಪಿದೆಯಲ್ಲ. ಖಂಡಕ್ಕೂ ಮಾಂಸಕ್ಕೂ ನಡುವೆ ಅಲ್ಲಿ ಏನು ವ್ಯತ್ಯಾಸ ಎಂದು ಚಿಕ್ಕಂದಿನಿಂದ ನನಗೆ ಅನುಮಾನ. ಪ್ರಾಸಕ್ಕೆ ಬಂದದ್ದೇ ಇರಬಹುದು. ಆದರೆ ರಕ್ತ ಬೇರೆ ಎಂಬುದರಲ್ಲಿ ಅವಳಿಗೆ ಅನುಮಾನವಿಲ್ಲ. ನಮಗಿದೆ. ಫ್ರಿಜ್ಜಿನಲ್ಲಿಟ್ಟ ಮಾಂಸದ ಪೊಟ್ಟಣದ ತಳದಲ್ಲಿ ಕೆಂಪು ನೀರು ನಿಂತಿರುತ್ತದೆ, ಎಲ್ಲರೂ ಅದನ್ನು ರಕ್ತ ಎನ್ನುತ್ತಾರೆ. ಪ್ರಾಣಿಯ ರಕ್ತ ಕೊಯ್ದಾಗಲೇ ಬಹುಪಾಲು ಹರಿದುಹೋಗಿರುತ್ತದೆ. ಇದು ಮಾಂಸದ ನೀರು, ಅದರಲ್ಲಿ ಕರಗಿದ ಮಯೋಗ್ಲೋಬಿನ್ನಿನ ಬಣ್ಣ. ಬಟ್ಟಲಿನಲ್ಲಿಟ್ಟರೆ ರಕ್ತದಂತೆ ಹೆಪ್ಪುಗಟ್ಟುವುದೂ ಇಲ್ಲ.

ಇದೇ ಗೊಂದಲ ಲ್ಯಾಬಿನಲ್ಲೂ ಇದೆ ಎಂದು ಅಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಹೇಳಿದಳು. ಕಟ್ಟಡ ಕುಸಿದು ಕೈಕಾಲು ಜಜ್ಜಿಹೋದವರಲ್ಲಿ, ಮೈಮೀರಿ ಕಸರತ್ತು ಮಾಡಿದವರಲ್ಲಿ ಮಾಂಸಖಂಡದ ಕೋಶಗಳು ಒಡೆದು ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮೂತ್ರಕ್ಕೆ. ಮೂತ್ರ ಕೋಲಾದಂತೆ ಕಪ್ಪಗಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. 1941ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬಿದ್ದ ದಿನಗಳಲ್ಲಿ, ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಅವಶೇಷಗಳಡಿ ಸಿಕ್ಕಿಬಿದ್ದವರಲ್ಲಿ ಈ ಮೂತ್ರಪಿಂಡದ ತೊಂದರೆಯನ್ನು ವಿವರಿಸಿದರು. ಈ ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಅದ್ದಿದರೆ ‘ರಕ್ತ ಇದೆ’ ಎಂದು ಬಣ್ಣ ತೋರಿಸುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣ ಒಂದೂ ಕಾಣುವುದಿಲ್ಲ. ಪಟ್ಟಿಗೆ ಗೊತ್ತಾಗುವುದು ಹೀಮ್ ಮಾತ್ರ, ಅದು ಯಾರ ಮನೆಯದೆಂದು ಅದಕ್ಕೆ ತಿಳಿಯದು. ಅದಕ್ಕೇ ನಾನು ಮೊದಲ ಕರಡಿನಲ್ಲಿ ಬರೆದಿದ್ದ ‘ಸ್ನಾಯುವಿನ ರಕ್ತವರ್ಣಕ’ ಎಂಬುದನ್ನು ಹೊಡೆದುಹಾಕಿದೆ. ಈ ಪ್ರೋಟೀನಿಗೆ ಕನ್ನಡದಲ್ಲಿ ಏನೇ ಹೆಸರಿಟ್ಟರೂ ಅದರಲ್ಲಿ ‘ರಕ್ತ’ ಇರಕೂಡದು.

ಹೆಸರಿಡಬೇಕೇ ಎಂಬುದೇ ಪ್ರಶ್ನೆ. ಇಂಗ್ಲಿಷಿನವರೂ ಜರ್ಮನರೂ ಬಹುಕಾಲ ‘ಸ್ನಾಯುವಿನ ಹಿಮೋಗ್ಲೋಬಿನ್’ ಎಂದೇ ಕಾಲ ತಳ್ಳಿದರು. 1897ರಲ್ಲಿ ಸ್ವೀಡನ್ನಿನ ಮ್ಯೋರ್ನರ್ ಇದು ರಕ್ತದ್ದಲ್ಲ, ಬೇರೆಯೇ ಎಂದು ‘ಮಯೋಕ್ರೋಮ್’ ಎಂದು ಕರೆದ, ಸ್ನಾಯುಬಣ್ಣ ಎಂಬರ್ಥದಲ್ಲಿ. 1921ರಲ್ಲಿ ಜರ್ಮನಿಯ ಗ್ಯುಂಥರ್ ‘ಮಯೋಗ್ಲೋಬಿನ್’ ಎಂದ, ಅದು ನಿಂತಿತು. ನನಗೆ ಸೋತ ಹೆಸರೇ ಇಷ್ಟ. ಗೆದ್ದ ಹೆಸರಿನ ‘ಗ್ಲೋಬಿನ್’ ಲ್ಯಾಟಿನ್ನಿನ ಗುಂಡಿನಿಂದ ಬಂದದ್ದು. ಅದನ್ನು ಕನ್ನಡಿಸಿದರೆ ಹಿಮೋಗ್ಲೋಬಿನ್ ‘ನೆತ್ತರಗುಂಡು’ ಆಗಿ ಅಪರಾಧ ಸುದ್ದಿಯ ತಲೆಬರಹವಾಗುತ್ತದೆ, ಮಯೋಗ್ಲೋಬಿನ್ ‘ಕಂಡಗುಂಡು’ ಆಗಿ ಬಾಡೂಟದ ಪಟ್ಟಿ ಸೇರುತ್ತದೆ. ಗುಂಡು ಎನ್ನುವುದಾದರೂ ನಿಜವೇ? ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ ಕುದುರೆಯ ಮಯೋಗ್ಲೋಬಿನ್ನಿನಿಂದ ಒಳ್ಳೆಯ ಹರಳು ಸಿಗದೆ, ಪೆರುವಿನಿಂದ ತರಿಸಿದ ಸ್ಪರ್ಮ್ ತಿಮಿಂಗಿಲದ ಮಾಂಸದಿಂದ ಹರಳು ಪಡೆದು, 1958ರಲ್ಲಿ ಅದರ ಆಕಾರವನ್ನು ಎಕ್ಸ್-ಕಿರಣದಿಂದ ಬಿಡಿಸಿ ತೋರಿಸಿದಾಗ ಕಂಡದ್ದು ಗುಂಡಲ್ಲ. ಮಗು ಹಿಸುಕಿಟ್ಟ ಶಾವಿಗೆ ಮುದ್ದೆ. ಯಾವ ಸಮತೆಯೂ ಇಲ್ಲ, ಚೆಂದವೂ ಇಲ್ಲ. ಯಾವುದೇ ಪ್ರೋಟೀನಿನ ಒಳರೂಪವನ್ನು ಮನುಷ್ಯ ನೋಡಿದ್ದು ಅದೇ ಮೊದಲು. ಹಿಮೋಗ್ಲೋಬಿನ್ ಬಿಡಿಸಿದ ಮ್ಯಾಕ್ಸ್ ಪೆರುಟ್ಸ್ ಜೊತೆ ಅವನಿಗೆ 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

‘ಮಯೋ’ ಭಾಗದ ಕತೆ ಇನ್ನೂ ಸ್ವಾರಸ್ಯದ್ದು. ಕೆಲವರು ಉಚ್ಚಾರದಂತೆ ‘ಮೈಯೋಗ್ಲೋಬಿನ್’ ಎಂದು ಬರೆಯುತ್ತಾರೆ, ಓದುವ ಮಕ್ಕಳು ಅದನ್ನು ನಮ್ಮ ‘ಮೈ’ ಎಂದುಕೊಂಡರೆ ಅವರ ತಪ್ಪಲ್ಲ. ಅದು ಗ್ರೀಕಿನ ‘ಮ್ಯೂಸ್’. ಸ್ನಾಯು ಎಂದೂ ಅರ್ಥ, ಇಲಿ ಎಂದೂ ಅರ್ಥ. ಲ್ಯಾಟಿನ್ನಿನಲ್ಲಿ ಸ್ನಾಯುವಿಗೆ ‘ಮುಸ್ಕುಲುಸ್’, ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದಡಿ ಓಡಾಡುವ ಉಬ್ಬು ಅವರಿಗೆ ಇಲಿಯಂತೆ ಕಂಡಿತು. ಆ ‘ಮ್ಯೂಸ್’ ಮತ್ತು ನಮ್ಮ ಗಣಪತಿಯ ಮೂಷಿಕ ಒಂದೇ ಬೇರಿನವು. ಹಾಗೆಂದು ‘ಮೂಷಿಕಗುಂಡು’ ಎನ್ನಲು ನಾನು ತಯಾರಿಲ್ಲ, ಆದರೆ ಕನ್ನಡದ ಕಣ್ಣು ಬೇರೆ ಪ್ರಾಣಿಯನ್ನು ಕಂಡಿದೆ ಎಂಬುದನ್ನು ಗಮನಿಸಿ: ಮೊಣಕಾಲ ಕೆಳಗೆ, ಹಿಂಬದಿಯ ಉಬ್ಬಿಗೆ ನಾವು ‘ಮೀನಖಂಡ’ ಎನ್ನುತ್ತೇವೆ. ಅವರಿಗೆ ತೋಳಲ್ಲಿ ಇಲಿ, ನಮಗೆ ಕಾಲಲ್ಲಿ ಮೀನು.

‘ಸಸಾರಜನಕ’ದ ಬಗ್ಗೆ ಉದ್ದ ಹೇಳುವುದಿಲ್ಲ. ಸಾರಜನಕ ಉಳ್ಳದ್ದು ಎಂಬರ್ಥದಲ್ಲಿ ಹೊಸೆದ ಪದ, ಹಾಗೆ ನೋಡಿದರೆ ಗದ್ದೆಗೆ ಹಾಕುವ ಯೂರಿಯಾವೂ ಸಸಾರಜನಕವೇ. ಸಾಲದ್ದಕ್ಕೆ ‘ಸಸಾರ’ ಎಂದರೆ ಆಡುನುಡಿಯಲ್ಲಿ ಅಗ್ಗ, ತಾತ್ಸಾರ. ಅಚ್ಚಗನ್ನಡದವರು ಕೆಲವರು ‘ಮುನ್ನು’ ಎನ್ನುತ್ತಾರೆ, ಗ್ರೀಕಿನಲ್ಲಿ ಪ್ರೋಟೀನಿನ ಬೇರು ‘ಮೊದಲು’ ಎಂಬುದಕ್ಕೆ ಸಲ್ಲುವುದರಿಂದ. ಜಾಣತನ ಮೆಚ್ಚಿದೆ, ಬಳಸುವ ಧೈರ್ಯವಾಗಲಿಲ್ಲ. ಪ್ರೋಟೀನು ಎಂದೇ ಇಟ್ಟೆ. ಜಿಮ್ಮಿಗೆ ಹೋಗುವ ಹುಡುಗರು ಆ ಪದವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ್ದಾರೆ. ‘ಆಮ್ಲಜನಕ’ವನ್ನೂ ಹಾಗೇ ಬಿಟ್ಟೆ. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಇದೇ ಎಂಬ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇನ ತಪ್ಪು ತಿಳಿವಳಿಕೆಯನ್ನು ನಾವು ಶ್ರದ್ಧೆಯಿಂದ ಅನುವಾದಿಸಿಕೊಂಡದ್ದು ಅದು. ಆದರೂ ಆಸ್ಪತ್ರೆಯ ಮುಂದೆ ಸಿಲಿಂಡರಿಗೆ ಕಾದು ನಿಂತ ದಿನಗಳಲ್ಲಿ ಅದೂ ಮನೆಮಾತಾಗಿಬಿಟ್ಟಿತು.

ಇನ್ನು ಮುಂದಿನ ಅಕ್ಷರಗಳಲ್ಲಿ ಇದರ ನೆಂಟರು ಸಾಲುಗಟ್ಟಿ ನಿಂತಿದ್ದಾರೆ. 2000ದಲ್ಲಿ ನರಕೋಶಗಳಲ್ಲಿ ಸಿಕ್ಕಿದ ನ್ಯೂರೋಗ್ಲೋಬಿನ್, ಅದರ ಬೆನ್ನಿಗೇ ಹೆಚ್ಚುಕಡಿಮೆ ಎಲ್ಲ ಅಂಗಾಂಶಗಳಲ್ಲೂ ಕಂಡ ಸೈಟೋಗ್ಲೋಬಿನ್. ಇವು ನಿಜಕ್ಕೂ ಆಮ್ಲಜನಕ ಕೂಡಿಡಲು ಇವೆಯೋ ಬೇರೆ ಕೆಲಸಕ್ಕೋ ಎಂಬ ಚರ್ಚೆ ಮುಗಿದಿಲ್ಲ. ಇಂಥ ಕಡೆ ‘ಸಂಗ್ರಹಿಸುವ’ ಎಂದು ಬರೆದರೆ ತೀರ್ಪು ಕೊಟ್ಟ ಹಾಗಾಗುತ್ತದೆ, ‘ಹಿಡಿಯುವ’ ಎಂದರೆ ಅಷ್ಟಕ್ಕೇ ನಿಲ್ಲುತ್ತದೆ. ಕೊನೆಯವನು ಲೆಗ್‌ಹಿಮೋಗ್ಲೋಬಿನ್. ಮಕ್ಕಳು ಇದನ್ನು ಕಾಲಿನ ಹಿಮೋಗ್ಲೋಬಿನ್ ಎಂದುಕೊಳ್ಳುವುದು 100ಕ್ಕೆ 100 ಖಂಡಿತ. ಇದಿರುವುದು ದ್ವಿದಳ ಗಿಡಗಳ ಬೇರುಗಂಟಿನಲ್ಲಿ. ಶೇಂಗಾ, ಅಲಸಂದೆ ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದಲ್ಲ, ಅದೇ. ಸಾರಜನಕ ಕಟ್ಟುವ ಕಿಣ್ವಕ್ಕೆ ಬಿಡಿ ಆಮ್ಲಜನಕ ತಗುಲಿದರೆ ಕೆಡುತ್ತದೆ, ಅದಕ್ಕೆ ಈ ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಷ್ಟೇ ಬಿಡುತ್ತದೆ. ಗಂಟಿನೊಳಗೆ ಗುಲಾಬಿ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ.

ಈಗ ನನ್ನ ಸಾಲು ಹೀಗಿದೆ: “ಮಯೋಗ್ಲೋಬಿನ್: ಬೆನ್ನೆಲುಬಿರುವ ಪ್ರಾಣಿಗಳ ಸ್ನಾಯುಗಳಲ್ಲಿ, ಅಂದರೆ ಮಾಂಸಖಂಡಗಳಲ್ಲಿ, ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಾಗ ಬಿಡುವ ಪ್ರೋಟೀನು. ಮಾಂಸದ ಕೆಂಪು ಬಣ್ಣ ಇದರದ್ದೇ.” ಅತ್ತೆಗೆ ಓದಿ ಹೇಳಿದೆ. ಈ ಸಲ ತಲೆಯೆತ್ತಲಿಲ್ಲ, ಹೂ ಕಟ್ಟುತ್ತಲೇ ಇದ್ದರು. ಅದನ್ನು ಒಪ್ಪಿಗೆ ಎಂದುಕೊಂಡಿದ್ದೇನೆ.

ನಿಮ್ಮಿಂದ ಬೇಕಾದ್ದು ಎರಡು. ‘ಹಿಡಿ’ಯಿಂದ ಒಂದು ಚುಟುಕು ವಿಶೇಷಣ ಯಾರಿಗಾದರೂ ಹೊಳೆದರೆ ತಿಳಿಸಿ, ‘ಬಂಧಕ’ದಷ್ಟೇ ಗಿಡ್ಡವಿರಬೇಕು, ಬಾಣಲೆಯೂ ಬೈಗುಳವೂ ನೆನಪಾಗಬಾರದು. ಎರಡನೆಯದು, ಸೀಳಿದ ಮಾಂಸ ಗಾಳಿಗೆ ಕೆಂಪೇರುವುದಕ್ಕೂ ಪೊಟ್ಟಣದ ತಳದ ಆ ಕೆಂಪು ನೀರಿಗೂ ನಿಮ್ಮ ಸೀಮೆಯಲ್ಲಿ, ಅಡುಗೆಮನೆಯಲ್ಲೋ ಅಂಗಡಿಯಲ್ಲೋ, ಏನನ್ನುತ್ತಾರೆ? ಊರಿನ ಹೆಸರು ಸೇರಿಸಿ ಬರೆಯಿರಿ. ಕಲಬುರಗಿ, ಬೀದರ್ ಕಡೆಯವರು, ಕರಾವಳಿಯ ಬ್ಯಾರಿ, ಮೊಗವೀರ ಮನೆಗಳವರು, ಕೊಡಗಿನವರು ಸುಮ್ಮನಿರಬೇಡಿ. ‘ರಕ್ತ’ ಎಂದೇ ಅನ್ನುವುದಾದರೆ ಅದನ್ನೂ ಹಾಗೇ ಬರೆಯಿರಿ.